ದಿನಗೂಲಿಯ ಧೈರ್ಯ

“ಅಕ್ಕೋರೆ, ಎಷ್ಟು ವರ್ಷ ಅಂತ ಈ ಗೆಸ್ಟ್ ಟೀಚರ್ ಕೆಲಸ? ಧೈರ್ಯ ಎಲ್ಲಿಂದ ಬರುತ್ತೆ ನಿಮಗೆ?” ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಮಕ್ಕಳು ಸಿಕ್ಕರೆ ಇದೇ ಪ್ರಶ್ನೆ. ಮನೆಯಲ್ಲೂ ಇದೇ.

ಬೇಜಾರು ಆಗುತ್ತದೆ. ಜೂನ್ ಬಂತೆಂದರೆ ಈ ಸಲ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆ. ಸಂಬಳ ತಿಂಗಳುಗಟ್ಟಲೆ ತಡವಾದದ್ದೂ ಇದೆ. ಆಗೆಲ್ಲ ನನಗೆ ನೆನಪಾಗುವುದು ತುಳಸಜ್ಜಿ, ಕಾಡಿಗೆ ಸಸಿ ಬೆಳೆಸಿದ ನಮ್ಮ ಹೊನ್ನಳ್ಳಿಯ ತುಳಸಿ ಗೌಡ.

2021ರಲ್ಲಿ ಬರಿಗಾಲಲ್ಲಿ ನಡೆದು ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದ ಫೋಟೊ ನೀವೂ ನೋಡಿರುತ್ತೀರಿ. ನನಗೆ ಅದಕ್ಕಿಂತ ದೊಡ್ಡದು ಅದರ ಹಿಂದಿನ ವರ್ಷಗಳು. ತೀರಾ ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡರು. ಶಾಲೆಯ ಮುಖ ನೋಡಲಿಲ್ಲ. ತಾಯಿಯ ಜೊತೆ ಸಸಿ ಬೆಳೆಸುವ ನರ್ಸರಿಗೆ ಕೂಲಿಗೆ ಹೋದರು. ಮೂವತ್ತು ವರ್ಷಕ್ಕೂ ಜಾಸ್ತಿ ಅರಣ್ಯ ಇಲಾಖೆಯಲ್ಲಿ ದಿನಗೂಲಿ, ಆಮೇಲೆ ಕಾಯಂ. ಕಾಯಂ ಆದ ಮೇಲೆ ನೋಡೋಣ ಅಂತ ಅವರು ಕೂತಿದ್ದರೆ? ಕೂರಲಿಲ್ಲ. ಬೀಜಕ್ಕೆ ಆರಿಸಬೇಕಾದ ತಾಯಿ ಮರ ಯಾವುದು, ಅದರ ಬೀಜ ಯಾವಾಗ ಆರಿಸಬೇಕು, ಎಲ್ಲವನ್ನೂ ಆ ಕೂಲಿಯ ದಿನಗಳಲ್ಲೇ ಕಲಿತರು. ಅಧಿಕಾರಿಗಳೇ ಅವರನ್ನು ಕೇಳುವಷ್ಟು ಕಲಿತರು. ಕೂಲಿ ದಿನದ್ದು, ಕೆಲಸ ಮಾತ್ರ ನೂರು ವರ್ಷ ನಿಲ್ಲುವ ಮರದ್ದು.

2024ರ ಡಿಸೆಂಬರ್‌ನಲ್ಲಿ ಅವರು ಹೋದರು. ಎರಡು ತಿಂಗಳಿಗೆ ಬಡಿಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಹಾಲಕ್ಕಿ ಸಮುದಾಯದ ಹಾಡುಗಳನ್ನು ಎದೆಯಲ್ಲಿ ಇಟ್ಟುಕೊಂಡು, ಊರಿನ ಸಾರಾಯಿ ವಿರುದ್ಧ ನಿಂತ ಅಜ್ಜಿ. ಆ ಚಳಿಗಾಲ ನಮ್ಮ ತಾಲೂಕು ಬಡವಾಯಿತು.

ಇಂಥವರು ಅಷ್ಟಕ್ಕೇ ಮುಗಿದರು ಅಂತ ನನಗೆ ಅನ್ನಿಸುವುದಿಲ್ಲ. ಕಳೆದ ಜೂನ್‌ನಲ್ಲಿ ನಮ್ಮ ಶಾಲೆಯಲ್ಲಿ ಸಸಿ ಮಾಡಲು ಮಕ್ಕಳು ಚೀಲಕ್ಕೆ ಮಣ್ಣು ತುಂಬುತ್ತಿದ್ದರು. ಒಬ್ಬ ಹುಡುಗ ಬೊಗಸೆ ತುಂಬ ಹಲಸಿನ ಬೀಜ ತಂದ. ಬಿಸಿಯೂಟದ ಅಕ್ಕ ಸೌಟು ಕೆಳಗಿಟ್ಟು ಬಂದಳು.

“ಯಾವ ಮರದ್ದು ಇದು? ಮರ ನೋಡ್ಕಂಡ್ ಬಂದ್ಯಾ?”

ಹುಡುಗ ತಲೆ ಅಲ್ಲಾಡಿಸಿದ. ಅಕ್ಕ ಅವನ ಕೈ ಹಿಡಿದು ಶಾಲೆಯ ಹಿಂದಿನ ಹಲಸಿನ ಮರದ ಹತ್ತಿರ ಕರೆದುಕೊಂಡು ಹೋದಳು. ಬಿದ್ದ ಹಣ್ಣು ಬಿಡಿಸಿ ದಪ್ಪ ಬೀಜಗಳನ್ನೇ ಆರಿಸಿದಳು. ಒಣಗಿದರೆ ಹುಟ್ಟುವುದಿಲ್ಲ ಅಂತ ಆಗಲೇ ತೊಳೆದು, ಒಂದೊಂದನ್ನೂ ಅಡ್ಡ ಮಲಗಿಸಿ ಮಣ್ಣು ಮುಚ್ಚಿದಳು. ಅವಳಿಗೂ ಕಾಯಂ ಸಂಬಳವಿಲ್ಲ, ಗೌರವಧನ. ಅದು ಅವಳ ಕೆಲಸವೂ ಆಗಿರಲಿಲ್ಲ.

20 ಚೀಲದಲ್ಲಿ 17 ಮೊಳೆತವು. ಕಾಂಪೌಂಡ್ ಪಕ್ಕ ನೆಟ್ಟಿದ್ದೇವೆ. ಈ ಶನಿವಾರ ಶಾಲೆ ಬಿಟ್ಟ ಮೇಲೆ ಅಕ್ಕನೂ ನಾನೂ ಬೇಲಿ ಕಟ್ಟಬೇಕು. ದನ ನುಗ್ಗುತ್ತವೆ.