ಲೆಕ್ಸಿಂಗ್ಟನ್ನಿನ 77 ಜನ, ನಮ್ಮ ಸುಳ್ಯದ ದಂಡು

“ಸೋಮವಾರ ಬೆಳಿಗ್ಗೆ ಐದೂವರೆಗೆ ನಾನು ಸಾಯ್ತೀನಿ. ಮಗಳನ್ನೂ ಕರ್ಕೊಂಡು ಬನ್ನಿ.” ಪಕ್ಕದ ಮನೆಯ ಹಿರಿಯರು ಬೇಲಿಯ ಆಚೆಯಿಂದ ಹೀಗೆ ಕರೆದಾಗ ನಾನು ತಬ್ಬಿಬ್ಬಾದೆ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್ನಿನಲ್ಲಿ. ಬ್ರಿಟಿಷರ ವಿರುದ್ಧ ಇಲ್ಲಿನವರ ಯುದ್ಧ ಶುರುವಾದದ್ದು 1775ರ ಏಪ್ರಿಲ್ 19ರಂದು, ಇದೇ ಊರಿನ ಹುಲ್ಲುಮೈದಾನದಲ್ಲಿ. ಊರಿನವರೇ ವೇಷ ಹಾಕಿ ಪ್ರತಿ ವರ್ಷ ಅದನ್ನು ಆಡಿ ತೋರಿಸುತ್ತಾರೆ. ಅಂದು ನಿಜವಾಗಿ ಅಲ್ಲಿ ನಿಂತಿದ್ದವರಲ್ಲಿ ಒಬ್ಬೊಬ್ಬರ ಪಾತ್ರ ಒಬ್ಬೊಬ್ಬರಿಗೆ. ನಮ್ಮ ಪಕ್ಕದವರದ್ದು ಗುಂಡೇಟಿಗೆ ಸತ್ತವನ ಪಾತ್ರ. ಅವನ ಹೊಲ ಎಲ್ಲಿತ್ತು, ಮನೆಯಲ್ಲಿ ಯಾರ್‍ಯಾರಿದ್ದರು ಎಂದು ತಮ್ಮ ಸ್ವಂತ ಅಜ್ಜನ ವಿಷಯ ಹೇಳುವ ಹಾಗೆ ಹೇಳಿದರು.

ಅಂದು ಸೇರಿದವರು ಸಂಬಳದ ಸಿಪಾಯಿಗಳಲ್ಲ, ಊರಿನ ದಂಡಿನವರು. ಹೆಚ್ಚಿನವರು ರೈತರು. ಕ್ಯಾಪ್ಟನ್ ಜಾನ್ ಪಾರ್ಕರ್ ಕೂಡ ರೈತನೇ, ಅದರ ಮೇಲೆ ಕ್ಷಯರೋಗಿ. ಬ್ರಿಟಿಷ್ ಸೈನ್ಯ ಬರುತ್ತಿದೆ ಎಂದು ನಡುರಾತ್ರಿ ಸುದ್ದಿ ಬಂದು ಎಲ್ಲರೂ ಸೇರಿದರು. ಸೈನ್ಯದ ಸುಳಿವಿರಲಿಲ್ಲ, ಚಳಿ ಬೇರೆ. ಡೋಲು ಕೇಳಿದರೆ ಬನ್ನಿ ಎಂದು ಪಾರ್ಕರ್ ಕಳಿಸಿದ. ಕೆಲವರು ಮೈದಾನದ ಪಕ್ಕದ ಬಕ್‌ಮನ್ ಟಾವರ್ನ್ ಎಂಬ ಹೆಂಡದಂಗಡಿಯಲ್ಲೇ ಕಾದು ಕೂತರು. ಆ ಕಟ್ಟಡ ಈಗಲೂ ಇದೆ. ಬೆಳಕು ಹರಿಯುವ ಹೊತ್ತಿಗೆ ಡೋಲು ಬಡಿಯಿತು. 77 ಜನ ಸಾಲಾಗಿ ನಿಂತರು. ಎದುರಿಗೆ ಬರುತ್ತಿದ್ದದ್ದು ಸುಮಾರು 700 ಜನರ ಸೈನ್ಯದ ಮುಂಚೂಣಿ. ಪಾರ್ಕರ್ ತನ್ನವರಿಗೆ ಚದುರಲು ಹೇಳಿದ. ಅಷ್ಟರಲ್ಲಿ ಗುಂಡು ಹಾರಿತು. ಮೊದಲು ಹಾರಿಸಿದ್ದು ಯಾರೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಊರಿನವರಲ್ಲಿ 8 ಜನ ಸತ್ತರು, 10 ಜನರಿಗೆ ಗಾಯ. ಕ್ಯಾಪ್ಟನ್ನನ ಸಂಬಂಧಿ ಜೋನಾಸ್ ಪಾರ್ಕರ್ ಓಡಲಿಲ್ಲ. ಟೋಪಿಯಲ್ಲಿ ಗುಂಡುಗಳನ್ನು ಹಾಕಿ ಅದನ್ನು ಕಾಲ ಬುಡದಲ್ಲಿ ಇಟ್ಟುಕೊಂಡಿದ್ದನಂತೆ. ಮತ್ತೆ ಬಂದೂಕು ತುಂಬುವಷ್ಟರಲ್ಲಿ ಬಯೋನೆಟ್ಟಿನಿಂದ ತಿವಿದು ಕೊಂದರು.

ಅದೇ ಮಧ್ಯಾಹ್ನ ಕ್ಯಾಪ್ಟನ್ ಪಾರ್ಕರ್ ಉಳಿದವರನ್ನು ಕಟ್ಟಿಕೊಂಡು, ಬೋಸ್ಟನ್ನಿಗೆ ಮರಳುತ್ತಿದ್ದ ಸೈನ್ಯದ ಮೇಲೆ ಬಿದ್ದ. ಸೆಪ್ಟೆಂಬರ್‌ನಲ್ಲಿ ಕ್ಷಯ ಅವನನ್ನು ಕೊಂದಿತು. ಬೆಳಿಗ್ಗೆ ಮೈದಾನದಲ್ಲಿ ಗಾಯಗೊಂಡವರಲ್ಲಿ ಪ್ರಿನ್ಸ್ ಎಸ್ಟಾಬ್ರೂಕ್ ಎಂಬ ಕಪ್ಪು ಮನುಷ್ಯನೂ ಇದ್ದ. ಆಗ ಅವನು ಗುಲಾಮ. ಟಾವರ್ನಿನ ಮುಂದೆ ಅವನ ಹೆಸರಿನ ಕಲ್ಲು ನಿಂತದ್ದು 2008ರಲ್ಲಿ. ಈ ಊರೂ ಎಲ್ಲರನ್ನೂ ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳಲಿಲ್ಲ, ಅಲ್ವಾ? ಆದರೂ ನೆನಪಿಸಿಕೊಂಡಿತು.

ಸೋಮವಾರ ಅದನ್ನೆಲ್ಲಾ ನೋಡಿ ವಾಪಸ್ ಬರುವಾಗ ಮಗಳು ಕೇಳಿದಳು: “ಅಪ್ಪ, ಅಜ್ಜನ ಊರಿಂದ ಹೀಗೆ ಯಾರೂ ಹೋಗಿರ್ಲಿಲ್ವಾ?”

“ಹೋಗಿದ್ರು ಮಗಳೇ, ಮಂಗಳೂರಿನ ತನಕ.”

“ಅವ್ರ ಹೆಸ್ರೆಲ್ಲಾ ಎಲ್ಲಿದೆ?”

ಅಲ್ಲಿಗೆ ನನ್ನ ಬಾಯಿ ಕಟ್ಟಿತು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ರಾಜನನ್ನು ಇಳಿಸಿತು. ಅವನ ಕೈಯಲ್ಲಿದ್ದ ಸುಳ್ಯ, ಪುತ್ತೂರು ಸೀಮೆ ಮಂಗಳೂರಿನ ಆಡಳಿತಕ್ಕೆ ಸೇರಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಎಂದರು. ಕೈಯಲ್ಲಿ ಭತ್ತ ಇದೆ, ದುಡ್ಡಿಲ್ಲ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತ ಪುಟ್ಟಬಸಪ್ಪ, ಇವರ ಜೊತೆ ರೈತರು ಹೊರಟರು. ಬೆಳ್ಳಾರೆಯ ಖಜಾನೆ ಹಿಡಿದರು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಹಾರಿಸಿ, 13 ದಿನ ಊರು ಆಳಿದರು. ಆಮೇಲೆ ಸೈನ್ಯ ಬಂತು. ದಂಡಿನ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ನನ್ನಜ್ಜಿ ಅಡಿಕೆ ಸುಲಿಯುತ್ತಾ “ಕಲ್ಯಾಣಪ್ಪನ ಕಾಟಕಾಯಿ” ಎಂದು ಇದನ್ನೇ ಹೇಳುತ್ತಿದ್ದರು. ನಾವು ಯಾವುದೋ ದರೋಡೆಯ ಕಥೆ ಅಂದುಕೊಂಡು ಕೇಳುತ್ತಿದ್ದೆವು. ಶಾಲೆಯಲ್ಲಿ ಮೇಷ್ಟ್ರು ಒಂದು ಮಾತೂ ಹೇಳಿದ ನೆನಪಿಲ್ಲ. ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ಬಂದದ್ದು 2022ರಲ್ಲಿ. ಸಂತೋಷವೇ. ಆದರೆ ಮುಂದಾಳುಗಳ ಹಿಂದೆ ಅಷ್ಟು ದೂರ ನಡೆದು ಹೋದವರು? ಅವರಿಗೂ ಹೊಲವಿತ್ತು, ಹೆಂಡತಿ ಮಕ್ಕಳಿದ್ದರು. ಅವರಲ್ಲಿ ಒಬ್ಬರ ಹೆಸರನ್ನೂ ನನ್ನ ಮಗಳಿಗೆ ಹೇಳಲಾಗಲಿಲ್ಲ. ಅದು ನನಗೆ ನಿಜವಾಗಿ ನೋವಾಯಿತು.

ಸುಳ್ಯ, ಬೆಳ್ಳಾರೆ, ಪುತ್ತೂರು ಕಡೆಯವರೇ, ನಿಮ್ಮ ತರವಾಡು ಮನೆಯಲ್ಲಿ ಹಿರಿಯರಿದ್ದರೆ ಈ ರಜೆಯಲ್ಲೇ ಕೇಳಿ. ಯಾರು ಹೋದರು, ಯಾವ ಮನೆಯವರು, ತಿರುಗಿ ಬಂದರೋ ಇಲ್ಲವೋ, ಅಷ್ಟು ಬರೆದಿಟ್ಟರೂ ಸಾಕು. ನನ್ನ ಸೋದರಮಾವನಿಗೆ ಫೋನ್ ಮಾಡಿದ್ದೇನೆ. ದೊಡ್ಡ ಮನೆಯ ಅಜ್ಜನ ಹತ್ತಿರ ಹೋಗಿ ಕೇಳ್ತೇನೆ ಎಂದಿದ್ದಾರೆ.