ಬೊಂಬೆಗೆ ಎಂಥ ಮುಪ್ಪು?

ಕ್ರ್ಯಾಶ್ ಟೆಸ್ಟ್‌ನಲ್ಲಿ ಮನುಷ್ಯರ ಬದಲು ಕಾರಿನಲ್ಲಿ ಕೂರಿಸುವ ಡಮ್ಮಿಗಳ ವಿನ್ಯಾಸ ನನ್ನ ಕೆಲಸ. ಹಿರಿಯ ಚಾಲಕರನ್ನು ಹೋಲುವ ಡಮ್ಮಿ ಬೇಕು ಎಂದಾಗಲೆಲ್ಲ ಉಡುಪಿಯ ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಬೊಂಬೆಗೆ ಎಂಥ ಮುಪ್ಪು ಮಾರಾಯ್ತಿ?"

ಮುಪ್ಪು ಇರುವುದು ಎದೆಗೂಡಿನಲ್ಲಿ. ಹಸಿ ತೆಂಗಿನ ಗರಿಯ ಕಡ್ಡಿ ಬಗ್ಗಿಸಿದರೆ ಬಾಗುತ್ತದೆ. ಹಳೆಯ ಹಿಡಿಸೂಡಿಯ ಕಡ್ಡಿ ಅಷ್ಟಕ್ಕೇ ಮುರಿಯುತ್ತದೆ. ಪಕ್ಕೆಲುಬುಗಳೂ ಹೆಚ್ಚುಕಡಿಮೆ ಹಾಗೆಯೇ. ವಯಸ್ಸಾದಂತೆ ಮೂಳೆ ತೆಳುವಾಗುತ್ತದೆ. ಪಕ್ಕೆಲುಬನ್ನು ಎದೆಮೂಳೆಗೆ ಜೋಡಿಸುವ ಮೃದ್ವಸ್ಥಿ ಸುಣ್ಣಗಟ್ಟಿ ಗಡುಸಾಗುತ್ತದೆ. ಇಪ್ಪತ್ತೈದರ ಹುಡುಗನ ಎದೆಯ ಮೇಲೆ ಬರೆ ಮಾತ್ರ ಉಳಿಸುವ ಸೀಟ್ ಬೆಲ್ಟ್, ಎಪ್ಪತ್ತೈದರವರಲ್ಲಿ ನಾಲ್ಕಾರು ಪಕ್ಕೆಲುಬು ಮುರಿಯಬಹುದು. ಆಮೇಲೆ ಉಸಿರೆಳೆದರೆ ನೋವು, ನೋವಿಗೆ ಹೆದರಿ ಕೆಮ್ಮುವುದಿಲ್ಲ, ಕಫ ಕಟ್ಟಿ ನ್ಯುಮೋನಿಯಾ. ಹಾಗೆಂದು ದಯವಿಟ್ಟು ಬೆಲ್ಟ್ ಬಿಡಬೇಡಿ; ಅದಿಲ್ಲದೆ ಆಗುವುದು ಇನ್ನೂ ಘೋರ.

1970ರ ದಶಕದಲ್ಲಿ ಹುಟ್ಟಿ ಇಂದಿಗೂ ಬಳಕೆಯಲ್ಲಿರುವ ಹೈಬ್ರಿಡ್ 3 ಡಮ್ಮಿ ಸುಮಾರು 175 ಸೆಂಟಿಮೀಟರ್ ಎತ್ತರದ, 78 ಕಿಲೋ ತೂಕದ ಗಂಡಾಳು. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನಮ್ಮ ಕಾರುಗಳ ಸುರಕ್ಷತೆ ಅಳೆದು ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್‌ನ ಗಂಟೆಗೆ 64 ಕಿ.ಮೀ. ವೇಗದ ಮುಂಭಾಗದ ಡಿಕ್ಕಿ ಪರೀಕ್ಷೆಯಲ್ಲೂ ಚಾಲಕನ ಸೀಟಿನಲ್ಲಿ ಕೂರುವವನು ಇವನೇ. ಅವನ ಪಕ್ಕೆಲುಬು ಉಕ್ಕಿನದು, ಮುರಿಯುವುದಿಲ್ಲ. ಎದೆ ಎಷ್ಟು ಮಿಲಿಮೀಟರ್ ಅದುಮಿತು ಎಂದು ನಡುವೆ ಒಂದೇ ಕಡೆ ಅಳೆಯುತ್ತಾನೆ. ಹೊಸ ಪೀಳಿಗೆಯ ಥಾರ್ (THOR) ಎಂಬ ಡಮ್ಮಿ ನಾಲ್ಕು ಕಡೆ ಅಳೆಯುವುದರಿಂದ, ಓರೆಯಾಗಿ ಹಾಯುವ ಬೆಲ್ಟ್ ಎಲ್ಲಿ ಹೆಚ್ಚು ಒತ್ತಿತು ಎಂಬುದು ತಿಳಿಯುತ್ತದೆ.

2017ರಲ್ಲಿ ಅಮೆರಿಕದ ಹ್ಯೂಮನೆಟಿಕ್ಸ್ ಸಂಸ್ಥೆ ಎಪ್ಪತ್ತರ ಮಹಿಳೆಯ ಮೈಕಟ್ಟಿನ ಡಮ್ಮಿಯನ್ನು ತೋರಿಸಿತು: 161 ಸೆಂಟಿಮೀಟರ್, 73 ಕಿಲೋ. ಅದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಮೈಕಟ್ಟು ಬದಲಾದರೆ ಅರ್ಧ ಕೆಲಸವಷ್ಟೇ ಆಯಿತು. ಡಮ್ಮಿ ಕೊಡುವ ಅದೇ ಅಂಕಿ ಯುವಕನಿಗೆ ಸಹ್ಯ, ಹಿರಿಯರಿಗೆ ಅಪಾಯ. ಎಲ್ಲಿಯವರೆಗೆ ಸುರಕ್ಷಿತ ಎಂಬ ಗೆರೆಯನ್ನೂ ವಯಸ್ಸಿಗೆ ತಕ್ಕಂತೆ ಎಳೆಯಬೇಕು. ಆಗ ಮಾತ್ರ, ಒತ್ತಡ ಮಿತಿಮೀರಿದಾಗ ಬೆಲ್ಟನ್ನು ತುಸು ಸಡಿಲಿಸುವ ಲೋಡ್ ಲಿಮಿಟರನ್ನು ಹಿರಿಯರಿಗೂ ಹೊಂದುವಂತೆ ಮಾಡಬಹುದು. ಅತಿಯಾಗಿ ಸಡಿಲಿಸಿದರೆ ದಪ್ಪ ಆಳು ಮುಂದಕ್ಕೆ ಜಾರಿ ಸ್ಟಿಯರಿಂಗ್‌ಗೆ ಬಡಿಯುತ್ತಾನೆ. ಆದ್ದರಿಂದ ಎರಡೂ ಬಗೆಯ ಡಮ್ಮಿ ಬೇಕು.

ಮಕ್ಕಳು ಬೆಂಗಳೂರು, ದುಬೈ ಸೇರಿದ ಮೇಲೆ ಮಣಿಪಾಲದ ಆಸ್ಪತ್ರೆಗೆ ತಾವೇ ಕಾರು ಓಡಿಸಿಕೊಂಡು ಹೋಗುವ ಹಿರಿಯರು ನಮ್ಮೂರಲ್ಲಿ ಎಷ್ಟೊಂದು ಮಂದಿ! ನನ್ನ ಅಮ್ಮನಿಗೂ ಎಪ್ಪತ್ತೊಂದು. ಪೆಡಲ್ ಎಟುಕಲೆಂದು ಸೀಟನ್ನು ಮುಂದಕ್ಕೆ ಎಳೆದುಕೊಂಡು, ಬೆಲ್ಟ್ ಹಾಕಿ, ಎದೆಯನ್ನು ಸ್ಟಿಯರಿಂಗ್‌ಗೆ ತೀರಾ ಹತ್ತಿರ ತಂದು ಕೂರುತ್ತಾಳೆ. ಆ ಭಂಗಿಯಲ್ಲಿ ಕೂರುವ ಡಮ್ಮಿಯನ್ನೇ ನಾನು ಮಾಡಬೇಕೆಂದಿರುವುದು.