ಹಳೇ ತಂಡದವರೇ ಮತ್ತೆ ಕರೆದ ಡ್ರೈವರ್

10 ಜುಲೈ 2025, ಗುರುವಾರ
ಬೆಂಗಳೂರು, ರಾತ್ರಿ 11

ನಿನ್ನೆ ಮಧ್ಯಾಹ್ನದಿಂದ ಭಾವ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ಒಂದೇ ಮಾತು. "ಹಾರ್ನರ್‌ನ ತೆಗೆದೇ ಬಿಟ್ರಲ್ಲೋ!" ಹಾರ್ನರ್ ಅಂದರೆ ಎಫ್‌1 ಕಾರ್ ರೇಸಿನ ರೆಡ್ ಬುಲ್ ತಂಡದ ಮುಖ್ಯಸ್ಥರು. ಫೋನಿನಲ್ಲಿ ಮುಗಿಯುವ ವಿಷಯ ಅಲ್ಲ ಅಂತ ಇವತ್ತು ಸಂಜೆ ಕೆಲಸ ಮುಗಿಸಿ ಸೀದಾ ರಾಜಾಜಿನಗರಕ್ಕೆ, ಅಕ್ಕನ ಮನೆಗೆ ಹೋದೆ. ಅಕ್ಕ ಅಕ್ಕಿ ರೊಟ್ಟಿ ತಟ್ಟುತ್ತಾ ಇದ್ದಳು. ನಾವು ಮೂರು ಜನ, ನಾನು, ಭಾವ, ಅವರ ಮಗ, ಊಟದ ಮೇಜಿನ ಸುತ್ತ ಕೂತು ಹತ್ತೂವರೆವರೆಗೂ ಮಾತಾಡಿದೆವು. ಈಗಷ್ಟೇ ಮನೆಗೆ ಬಂದೆ. ತಲೆಯಲ್ಲಿ ಇನ್ನೂ ಅದೇ ಓಡುತ್ತಿದೆ, ಬರೆದಿಟ್ಟು ಮಲಗೋಣ ಅಂತ.

ಭಾವನಿಗೆ ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್ ಇದೆ. ಅವರು ಎಫ್‌1 ನೋಡೋದು ಶುಮಾಕರ್ ಕಾಲದಿಂದ. ಮಗ ಎರಡನೇ ಪಿಯುಸಿ. 2021ರಲ್ಲಿ ವರ್ಸ್ಟಾಪೆನ್ ಮತ್ತು ಹ್ಯಾಮಿಲ್ಟನ್ ಕೊನೆಯ ರೇಸ್‌ವರೆಗೂ ಗುದ್ದಾಡಿದರಲ್ಲ, ಆಗಿನಿಂದ ಹುಚ್ಚು ಹಿಡಿಸಿಕೊಂಡವನು. ಅವನಿಗೆ ಅಂಕಿ ಅಂಶ ಎಲ್ಲ ಬಾಯಿಪಾಠ. ಆದರೆ ಹಳೇ ಡ್ರೈವರ್‌ಗಳ ವಿಷಯಕ್ಕೆ ಬಂದರೆ ಅಂಕಿ ಬಿಟ್ಟು ಬೇರೇನೂ ನೋಡೋದಿಲ್ಲ. ಇವತ್ತಿನ ಜಗಳ ಶುರುವಾಗಿದ್ದೇ ಅಲ್ಲಿಂದ.

ಭಾವನಿಗೆ ಹಾರ್ನರ್ ಹೋದದ್ದು ನಿಜಕ್ಕೂ ಬೇಜಾರು. ರೆಡ್ ಬುಲ್ ತಂಡ 2005ರಲ್ಲಿ ಟ್ರ್ಯಾಕಿಗೆ ಇಳಿದ ದಿನದಿಂದ ಅದಕ್ಕೆ ಇದ್ದದ್ದು ಇವರೊಬ್ಬರೇ ಮುಖ್ಯಸ್ಥರು. ವೆಟ್ಟೆಲ್ ನಾಲ್ಕು, ವರ್ಸ್ಟಾಪೆನ್ ನಾಲ್ಕು, ಒಟ್ಟು 8 ಡ್ರೈವರ್ ಪಟ್ಟ. ತಂಡಕ್ಕೆ 6 ಪಟ್ಟ. 2023ರಲ್ಲಂತೂ 22 ರೇಸ್‌ನಲ್ಲಿ 21 ಗೆದ್ದರು. "ಇಷ್ಟು ಮಾಡಿದೋರ್ನ ಸೀಸನ್ ಮಧ್ಯೆ ಕಳಿಸ್ತಾರಾ?" ಅಂತ ಭಾವ. ತಂಡದವರು ಕಾರಣ ಅಂತ ಏನೂ ಬಿಡಿಸಿ ಹೇಳಿಲ್ಲ. ತಮ್ಮದೇ ಇನ್ನೊಂದು ತಂಡ ರೇಸಿಂಗ್ ಬುಲ್ಸ್‌ನಿಂದ ಲೊರಾಂ ಮೆಕೀಸ್ ಅವರನ್ನು ತಂದು ಕೂರಿಸಿದ್ದಾರೆ ಅಷ್ಟೇ.

"ಅಪ್ಪ, 21 ಗೆದ್ದಿದ್ದು ಹಾರ್ನರ್ ಅಲ್ಲ, ನ್ಯೂವಿ" ಅಂದ ಹುಡುಗ.

ನ್ಯೂವಿ ಅಂದರೆ ರೆಡ್ ಬುಲ್ ಕಾರುಗಳ ವಿನ್ಯಾಸ ಮಾಡಿದವರು. ಇಲ್ಲಿ ನಾನು ಹುಡುಗನ ಕಡೆಗೇ ಸ್ವಲ್ಪ ವಾಲಿದೆ. ಆದರೆ ನ್ಯೂವಿ ಒಬ್ಬರೇ ಅನ್ನೋದೂ ಪೂರ್ತಿ ಸರಿಯಲ್ಲ. ಮೊದಲು ಹೊರಟವರು ರಾಬ್ ಮಾರ್ಷಲ್. ವರ್ಷಗಟ್ಟಲೆ ಅಲ್ಲಿ ಕಾರಿನ ವಿನ್ಯಾಸ ನೋಡಿಕೊಂಡವರು, 2024ರ ಶುರುವಿನಲ್ಲಿ ಮೆಕ್‌ಲಾರೆನ್ ಸೇರಿದರು. ಆ ವರ್ಷವೇ ಮೆಕ್‌ಲಾರೆನ್ ತಂಡದ ಪಟ್ಟ ಗೆದ್ದಿತು, 1998ರ ನಂತರ ಮೊದಲ ಸಲ. 2024ರ ಮೇ 1ರಂದು ಏಡ್ರಿಯನ್ ನ್ಯೂವಿ ಬಿಡ್ತೀನಿ ಅಂದರು. ಈ ವರ್ಷ ಮಾರ್ಚ್‌ನಿಂದ ಆಸ್ಟನ್ ಮಾರ್ಟಿನ್‌ನಲ್ಲಿದ್ದಾರೆ. ಜೊನಾಥನ್ ವೀಟ್ಲಿ ಏಪ್ರಿಲ್‌ನಲ್ಲಿ ಸೌಬರ್ ತಂಡಕ್ಕೆ ಮುಖ್ಯಸ್ಥರಾಗಿ ಹೋದರು. ರೆಡ್ ಬುಲ್ 2024ರಲ್ಲಿ ಮೂರನೇ ಜಾಗಕ್ಕೆ ಇಳಿಯಿತು. ಈಗ ನಾಲ್ಕನೇದು.

ಈ ವೀಟ್ಲಿ ಹೆಸರು ಹೆಚ್ಚು ಜನ ಹೇಳೋದೇ ಇಲ್ಲ, ಅದು ನನಗೆ ಸರಿ ಕಾಣೋದಿಲ್ಲ. ರೆಡ್ ಬುಲ್‌ನ ಪಿಟ್ ಸ್ಟಾಪ್ ಅಂದರೆ ಅವರೇ. 2019ರಲ್ಲಿ ಬ್ರೆಜಿಲ್‌ನಲ್ಲಿ 1.82 ಸೆಕೆಂಡ್‌ನಲ್ಲಿ ನಾಲ್ಕು ಚಕ್ರ ಬದಲಾಯಿಸಿದ್ದು ನೆನಪಿದೆಯಲ್ಲ? ಒಂದು ಸಲ ಉಸಿರು ಎಳೆದು ಬಿಡುವಷ್ಟರಲ್ಲಿ ಕಾರು ಹೊರಟಿರುತ್ತೆ. ಆ ಜನರನ್ನು ಹಾಗೆ ತಯಾರು ಮಾಡೋಕೆ ವರ್ಷಗಳೇ ಬೇಕು.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಶಾಪಿನ ಕಥೆ ಹೇಳಿದರು. ಆರು ವರ್ಷದ ಹಿಂದೆ ಅವರ ಫೋರ್‌ಮನ್ ಬಿಟ್ಟು ಹೋದರಂತೆ. ಮಷೀನ್ ಅವೇ, ಡ್ರಾಯಿಂಗ್ ಅವೇ, ಹುಡುಗರು ಅವರೇ. ಆದರೂ ಪೀಸ್ ರಿಜೆಕ್ಟ್ ಆಗಿ ವಾಪಸ್ ಬರೋಕೆ ಶುರುವಾಯಿತು. "ಟೂಲ್ ಯಾವಾಗ ಬದಲಾಯಿಸ್ಬೇಕು ಅಂತ ಆತ ಸದ್ದು ಕೇಳೇ ಹೇಳ್ತಿದ್ದ. ಅದನ್ನ ಎಲ್ಲೂ ಬರೆದಿಟ್ಟಿರ್ಲಿಲ್ಲ ನಾವು." ಸರಿಹೋಗೋಕೆ ಎಂಟು ತಿಂಗಳು ಹಿಡಿಯಿತಂತೆ. ಇಷ್ಟು ಹೇಳಿ ಅವರೇ ಸೇರಿಸಿದರು, "ಹಂಗಂತ ಆತ ಇದ್ದಾಗ ಶಾಪ್ ನಡೆಸಿದ್ದು ನಾನೇ ಅಲ್ವಾ? ಆತನನ್ನ ಅಷ್ಟು ವರ್ಷ ಉಳಿಸಿಕೊಂಡಿದ್ದೂ ಒಂದು ಕೆಲಸಾನೇ."

ಈ ಮಾತು ನನಗೆ ತುಂಬ ಹಿಡಿಸಿತು. ಹಾರ್ನರ್ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ಎಲ್ಲೂ ಕೇಳಿಲ್ಲ. ನ್ಯೂವಿ ಅಂಥವರನ್ನು 2006ರಿಂದ ಒಂದೇ ಕಡೆ ಇಟ್ಟುಕೊಳ್ಳೋದು ಸುಮ್ನೆ ಆಗೋ ಮಾತಲ್ಲ. ಹಾಗೆಯೇ, ಒಂದೂವರೆ ವರ್ಷದೊಳಗೆ ಅಂಥವರು ಸಾಲಾಗಿ ಎದ್ದು ಹೋದರು ಅಂದರೆ ಅದರ ಲೆಕ್ಕವೂ ಅವರ ಹೆಸರಿಗೇ ಬರಬೇಕು. ನಾನು ಎರಡನ್ನೂ ಹೇಳಿದೆ. ಭಾವ ತಲೆ ಆಡಿಸಿದರು, ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಆಮೇಲೆ ಮಾತು ಭಾನುವಾರದ ರೇಸ್‌ಗೆ ತಿರುಗಿತು. ನಾನು ಕಾಯುತ್ತಿದ್ದದ್ದೇ ಅದಕ್ಕೆ.

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್, ಮಳೆ. ನಿಕೊ ಹುಲ್ಕೆನ್‌ಬರ್ಗ್ 19ನೇ ಜಾಗದಿಂದ ಹೊರಟು ಮೂರನೆಯವನಾಗಿ ಮುಗಿಸಿದ. 239ನೇ ರೇಸ್‌ನಲ್ಲಿ ಮೊದಲ ಪೋಡಿಯಂ, ಅಂದರೆ ಮೊದಲ ಮೂರರೊಳಗೆ ಒಂದು ಜಾಗ. ಅದೂ ಸೌಬರ್ ಕಾರಿನಲ್ಲಿ. ಆ ತಂಡ 2024ರಲ್ಲಿ ಇಡೀ ವರ್ಷ ಗಳಿಸಿದ್ದು 4 ಅಂಕ. ಇವನು ಒಂದೇ ಸಂಜೆಯಲ್ಲಿ 15 ತಂದುಕೊಟ್ಟ. ಹ್ಯಾಮಿಲ್ಟನ್ ಫೆರಾರಿಯಲ್ಲಿ ಹಿಂದೆಯೇ ಬರುತ್ತಿದ್ದ, ತನ್ನ ಊರಿನ ಜನರ ಮುಂದೆ. ಟ್ರ್ಯಾಕ್ ಒಣಗುತ್ತಾ ಬಂದಾಗ ಹ್ಯಾಮಿಲ್ಟನ್ ಮೊದಲು ಒಣ ಟೈರ್‌ಗೆ ಹೋದ, ಹೋಗಿ ಜಾರಿದ. ಸೌಬರ್‌ನವರು ಒಂದು ಲ್ಯಾಪ್ ಕಾದು ಇವನನ್ನು ಟೈರ್ ಬದಲಾಯಿಸೋಕೆ ಕರೆದರು. ಆ ಒಂದು ಲ್ಯಾಪ್ ನೋಡುವಾಗ ನಾನು ಸೋಫಾದಿಂದ ಎದ್ದು ನಿಂತಿದ್ದೆ. ಪಿಟ್ ಗೋಡೆಯ ಹತ್ತಿರ ಕೂತಿದ್ದವರು ಯಾರು? ವೀಟ್ಲಿ. ರೆಡ್ ಬುಲ್ ಬಿಟ್ಟು ಬಂದು ಮೂರು ತಿಂಗಳು ಆಗಿತ್ತು ಅಷ್ಟೇ.

ಹುಡುಗ ಮಾತ್ರ ಕರಗಲಿಲ್ಲ. "ಮಾಮ, 238 ರೇಸ್‌ನಲ್ಲಿ ಆಗದ್ದು ಮಳೆ ಬಂದಾಗ ಆಯ್ತು. ಅಷ್ಟಕ್ಕೇ ದೊಡ್ಡ ಡ್ರೈವರಾ? ಪೆರೆಜ್ ನೋಡು. ಇಬ್ಬರೂ ಒಂದೇ ಕಾರಲ್ಲಿ ಇದ್ರು. ಅವನು ಪೋಡಿಯಂ ಹತ್ತಿದ, ಇವನು ಹತ್ತಲಿಲ್ಲ."

ಒಳ್ಳೆಯ ಪ್ರಶ್ನೆ. ನ್ಯಾಯವಾಗಿ ಉತ್ತರ ಕೊಡಬೇಕಾದ ಪ್ರಶ್ನೆ. 2014ರಿಂದ 2016ರವರೆಗೆ ಇಬ್ಬರೂ ಫೋರ್ಸ್ ಇಂಡಿಯಾದಲ್ಲಿ ಜೊತೆಗಿದ್ದರು. ಮೊದಲ ವರ್ಷ ಹುಲ್ಕೆನ್‌ಬರ್ಗ್ 96 ಅಂಕ, ಪೆರೆಜ್ 59. ಎರಡನೇ ವರ್ಷ ಪೆರೆಜ್ 78, ಇವನು 58. ಮೂರನೇ ವರ್ಷ ಪೆರೆಜ್ 101, ಇವನು 72. ಮೂರು ವರ್ಷದಲ್ಲಿ ಪೆರೆಜ್ ನಾಲ್ಕು ಸಲ ಪೋಡಿಯಂ ಹತ್ತಿದ. ಟೈರ್ ಉಳಿಸಿಕೊಂಡು ಕೊನೆಯಲ್ಲಿ ಮೇಲೆ ಬರೋದರಲ್ಲಿ ಪೆರೆಜ್ ಜಾಣ, ಅದರಲ್ಲಿ ಎರಡು ಮಾತಿಲ್ಲ. ಹುಲ್ಕೆನ್‌ಬರ್ಗ್ ತಪ್ಪೂ ಮಾಡಿದ್ದಾನೆ. 2012ರ ಬ್ರೆಜಿಲ್‌ನಲ್ಲಿ ಮುಂದಿನ ಜಾಗಕ್ಕೆ ಹೋರಾಡುತ್ತಾ ಒದ್ದೆ ಟ್ರ್ಯಾಕ್‌ನಲ್ಲಿ ಜಾರಿ ಹ್ಯಾಮಿಲ್ಟನ್‌ಗೆ ಗುದ್ದಿದ. 2017ರ ಬಾಕುವಿನಲ್ಲಿ ಗೋಡೆ ಮುಟ್ಟಿದ. 2019ರ ಹಾಕನ್‌ಹೈಮ್‌ನಲ್ಲಿ ಪೋಡಿಯಂ ಹತ್ತಿರ ಇದ್ದಾಗಲೇ ಜಾರಿ ಹೊರಗೆ ಹೋದ. ಇವೆಲ್ಲ ಅವನದೇ ಕೈತಪ್ಪು. ನಾನು ಮುಚ್ಚಿಡೋದಿಲ್ಲ.

ಆದರೆ ನಾನು ಹುಡುಗನಿಗೆ ಕೇಳಿದ್ದು ಇಷ್ಟೇ. ಅವನ ಹಳೇ ತಂಡದವರು ಆಮೇಲೆ ಏನು ಮಾಡಿದರು?

2019ರ ಕೊನೆಯಲ್ಲಿ ರೆನೋ ಅವನನ್ನು ಬಿಟ್ಟಿತು. ಮನೆಯಲ್ಲಿ ಕೂತಿದ್ದ. 2020ರ ಜುಲೈ ಕೊನೆಯಲ್ಲಿ ಪೆರೆಜ್‌ಗೆ ಕೋವಿಡ್ ಬಂತು. ರೇಸಿಂಗ್ ಪಾಯಿಂಟ್ ತಂಡ ಕರೆದದ್ದು ಇವನನ್ನೇ. ರೇಸಿಂಗ್ ಪಾಯಿಂಟ್ ಅಂದರೆ ಹಳೇ ಫೋರ್ಸ್ ಇಂಡಿಯಾದ ಅದೇ ಜನ. ಮೊದಲ ಭಾನುವಾರ ಕಾರು ಕೆಟ್ಟು ಶುರುವೇ ಮಾಡೋಕಾಗಲಿಲ್ಲ. ಮುಂದಿನ ವಾರ ಅರ್ಹತಾ ಸುತ್ತಿನಲ್ಲಿ ಮೂರನೇ ಜಾಗ! ಅಕ್ಟೋಬರ್‌ನಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಅದೇ ತಂಡದ ಇನ್ನೊಬ್ಬ ಡ್ರೈವರ್ ಸ್ಟ್ರೋಲ್‌ಗೆ ಹುಷಾರಿಲ್ಲ ಅಂತ ಶನಿವಾರ ಫೋನ್ ಬಂತು. ಕಲೋನ್‌ನಲ್ಲಿದ್ದ, ಕಾರು ಹತ್ತಿ ಬಂದ. ಒಂದು ಅಭ್ಯಾಸದ ಲ್ಯಾಪ್ ಕೂಡ ಇಲ್ಲದೆ ಕೊನೆಯ ಜಾಗದಿಂದ ಹೊರಟು 8ನೆಯವನಾಗಿ ಮುಗಿಸಿದ. 2022ರಲ್ಲಿ ವೆಟ್ಟೆಲ್‌ಗೆ ಕೋವಿಡ್ ಬಂದಾಗ ಮತ್ತೆ ಅದೇ ತಂಡ ಕರೆಯಿತು. ಅಷ್ಟರಲ್ಲಿ ಆಸ್ಟನ್ ಮಾರ್ಟಿನ್ ಅಂತ ಹೆಸರು ಬದಲಾಗಿತ್ತು. 2023ರಲ್ಲಿ ಹಾಸ್ ಸೀಟು ಕೊಟ್ಟಿತು. 2013ರಲ್ಲಿ ಒಂದು ವರ್ಷ ಓಡಿಸಿ ಬಿಟ್ಟಿದ್ದ ಸೌಬರ್‌ಗೆ ಈ ವರ್ಷ ವಾಪಸ್ ಬಂದಿದ್ದಾನೆ.

ಕೈಲಾಗದ ಡ್ರೈವರ್‌ನ ಯಾರೂ ಶನಿವಾರ ಬೆಳಿಗ್ಗೆ ಫೋನ್ ಮಾಡಿ ಕರೆಯೋದಿಲ್ಲ ಕಣೋ ಅಂದೆ. ಒಳಗಿನವರಿಗೆ ಗೊತ್ತಿರುತ್ತೆ. ಡೇಟಾ ನೋಡಿದವರು ಅವರು, ರೇಡಿಯೋದಲ್ಲಿ ಅವನ ಮಾತು ಕೇಳಿದವರು ಅವರು. 2015ರಲ್ಲಿ ಪೋರ್ಶೆ ಅವನಿಗೆ ಒಂದು ಅವಕಾಶ ಕೊಟ್ಟಿತು, ಲೆ ಮ್ಯಾನ್ಸ್ 24 ಗಂಟೆ ಗೆದ್ದು ಬಂದ. ಒಳ್ಳೆಯ ಕಾರು ಸಿಕ್ಕಿದ ದಿನ ಏನು ಮಾಡಬಲ್ಲ ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಕಾ?

ಪೆರೆಜ್‌ನ ಬಗ್ಗೆಯೂ ಹೇಳಿದೆ, ಯಾಕೆಂದರೆ ಅವನ ಹೆಸರೂ ಕಳೆದ ವರ್ಷ ತುಂಬ ಕೆಟ್ಟಿತು. 2024ರಲ್ಲಿ ಇಬ್ಬರೂ ರೆಡ್ ಬುಲ್‌ನಲ್ಲೇ, ವರ್ಸ್ಟಾಪೆನ್ 437 ಅಂಕ, ಪೆರೆಜ್ 152. ಎಲ್ಲರೂ ಬೈದರು, ನಾನೂ ಬೈದೆ. ರೆಡ್ ಬುಲ್ ಅವನನ್ನು ಬಿಟ್ಟಿತು. ಆ ಸೀಟಿಗೆ ಲಾಸನ್ ಬಂದ, ಎರಡೇ ರೇಸ್‌ಗೆ ವಾಪಸ್ ಕಳಿಸಿದರು. ಸುನೋಡ ಬಂದ, ಅವನೂ ಒದ್ದಾಡುತ್ತಿದ್ದಾನೆ. ಈಗ ಪೆರೆಜ್‌ನ 152 ಬೇರೆ ಥರ ಕಾಣುತ್ತೆ. ಆ ಕಾರು ವರ್ಸ್ಟಾಪೆನ್ ಕೈಗೆ ಮಾತ್ರ ಬಗ್ಗೋದು ಅಂತ ಈಗ ಎಲ್ಲರಿಗೂ ಅರ್ಥವಾಗಿದೆ. ನಾನು ಬೈದದ್ದು ತಪ್ಪು.

ಇಷ್ಟು ಹೊತ್ತಿಗೆ ಭಾವ ಹಳೇ ನೆನಪಿಗೆ ಜಾರಿದ್ದರು. 2012ರ ಅಕ್ಟೋಬರ್‌ನಲ್ಲಿ ನಾವಿಬ್ಬರೂ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗಿದ್ದೆವು, ಬುದ್ಧ್ ಸರ್ಕ್ಯೂಟ್‌ನಲ್ಲಿ ರೇಸ್ ನೋಡೋಕೆ. ಬೆಂಗಳೂರಿನ ಮಲ್ಯ ಅವರ ತಂಡ ಫೋರ್ಸ್ ಇಂಡಿಯಾ, ಕೇಸರಿ ಬಿಳಿ ಹಸಿರು ಬಣ್ಣದ ಕಾರು. ಅದರಲ್ಲಿ 12ನೇ ನಂಬರ್ ಹುಲ್ಕೆನ್‌ಬರ್ಗ್. ಅವತ್ತು 8ನೇ ಜಾಗದಲ್ಲಿ ಮುಗಿಸಿದ. ಕಾರು ಮುಂದೆ ಹಾದುಹೋದಾಗ ಎದೆಯೊಳಗೆ ಸದ್ದು ನುಗ್ಗಿದ್ದು ಈಗಲೂ ನೆನಪಿದೆ. ಆ ತಂಡ ಆಮೇಲೆ 2016ರಲ್ಲಿ, 2017ರಲ್ಲಿ ನಾಲ್ಕನೇ ಜಾಗಕ್ಕೆ ಬಂತು. ತುಂಬ ಕಡಿಮೆ ದುಡ್ಡಿನಲ್ಲಿ. 2018ರ ಜುಲೈನಲ್ಲಿ ದುಡ್ಡಿಲ್ಲದೆ ಮುಳುಗುವ ಹಂತಕ್ಕೆ ಬಂದಾಗ ಕೋರ್ಟಿಗೆ ಹೋಗಿ ಅದನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸುವ ಹಾಗೆ ಮಾಡಿದವನು ಪೆರೆಜ್. ಅವನಿಗೂ ಸಂಬಳ ಬಾಕಿ ಇತ್ತು. ಹಾಗೆ ಮಾಡಿದ್ದರಿಂದ 400ಕ್ಕೂ ಹೆಚ್ಚು ಜನರ ಕೆಲಸ ಉಳಿಯಿತು. ಎರಡು ವರ್ಷದ ಮೇಲೆ ಅದೇ ತಂಡ ವೆಟ್ಟೆಲ್‌ಗೋಸ್ಕರ ಅವನನ್ನು ಬಿಟ್ಟಿತು. ಬಿಡುವ ಮೊದಲು ಸಾಖಿರ್‌ನಲ್ಲಿ ಮೊದಲ ಲ್ಯಾಪ್‌ನಲ್ಲೇ ಕೊನೆಗೆ ಬಿದ್ದು, ಅಲ್ಲಿಂದ ಮೇಲೆ ಬಂದು ಗೆದ್ದುಕೊಟ್ಟ. ಆ ತಂಡಕ್ಕೇ ಈಗ ನ್ಯೂವಿ ಕಾರು ಬರೆಯುತ್ತಿದ್ದಾರೆ, ಸಿಲ್ವರ್‌ಸ್ಟೋನ್ ಪಕ್ಕದಲ್ಲೇ. ಇದೆಲ್ಲ ಹೇಗೆ ಒಂದಕ್ಕೊಂದು ಸೇರಿಕೊಂಡಿದೆ ಅಂತ ಯೋಚಿಸಿದರೆ ಮೈ ಜುಮ್ ಅನ್ನುತ್ತೆ.

"ಹಾಗಾದ್ರೆ ಹಾರ್ನರ್?" ಅಂತ ಹುಡುಗ ಕೊನೆಗೆ ಕೇಳಿದ. ಅದಕ್ಕೆ ಇವತ್ತೇ ಉತ್ತರ ಇಲ್ಲ ಅಂದೆ. ಮೆಕೀಸ್‌ಗೆ ಮೊದಲ ರೇಸ್ ಈ ತಿಂಗಳ 27ಕ್ಕೆ, ಬೆಲ್ಜಿಯಂನ ಸ್ಪಾದಲ್ಲಿ. ಒಂದು ರೇಸ್ ನೋಡಿ ಹೇಳೋದೂ ತಪ್ಪು. ಭಾವನ ಶಾಪಿಗೆ ಹಿಡಿದ ಹಾಗೆ ಎಂಟು ತಿಂಗಳಾದರೂ ಕೊಡಬೇಕು. ಭಾವ ಇದಕ್ಕೆ ಮಾತ್ರ ಜೋರಾಗಿ ಹೂಂ ಅಂದರು.

ಅಕ್ಕ ನಾಳೆಗೆ ಅಂತ ಎರಡು ರೊಟ್ಟಿ ಕಟ್ಟಿಕೊಟ್ಟಳು. ಇದನ್ನು ಬರೆಯುತ್ತಿರುವಾಗ ಹುಡುಗನ ಮೆಸೇಜ್ ಬಂತು. "ಮಾಮ, 2012 ಬ್ರೆಜಿಲ್ ನೋಡ್ತಾ ಇದ್ದೀನಿ. ಫೋರ್ಸ್ ಇಂಡಿಯಾ ಲೀಡ್‌ನಲ್ಲಿದೆ! ಇಷ್ಟು ಹೊತ್ತು ಲೀಡ್ ಮಾಡಿದ್ದ ಅಂತ ನೀನು ಹೇಳ್ಲೇ ಇಲ್ಲ."

ನೋಡ್ತಾ ಇರು ಅಂತ ಉತ್ತರ ಕಳಿಸಿದೆ.